ದಿನದ ಧಮ್ಮ ಚಿಂತನೆ: ಮಾತು ಮುಗಿಯುವ ಮುಂಚೆ



ಇವತ್ತು ಒಂದು ಅರ್ಧ ವಾಕ್ಯದಿಂದ ಶುರು ಮಾಡುತ್ತೇನೆ. "ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ..." ನಾನು ಇಲ್ಲಿಗೆ ನಿಲ್ಲಿಸಿದೆ. ನಿಮ್ಮ ಮನಸ್ಸು ನಿಲ್ಲಲಿಲ್ಲ. "ನುಂಗಿದ" ಅಂತಲೋ "ಬಾಯಿಗಿಟ್ಟ" ಅಂತಲೋ ಆಗಲೇ ಮುಗಿಸಿಬಿಟ್ಟಿತು. ಈಗ ಇನ್ನೊಂದು. ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಿ. ಮಾಲೀಕರು ಕೋಣೆ ತೋರಿಸಿದರು, ಅಡ್ವಾನ್ಸ್ ಎಷ್ಟು ಅಂತ ಹೇಳಿದರು, ನೀರು ಯಾವಾಗ ಬರುತ್ತದೆ ಅಂತ ಹೇಳಿದರು. ಬಾಗಿಲ ಹತ್ತಿರ ಬಂದು ದನಿ ಸ್ವಲ್ಪ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನೀವು..." ಎಂದರು. ಈ ವಾಕ್ಯವನ್ನು ನಾನು ಪೂರ್ತಿ ಬರೆಯಬೇಕಾಗಿಲ್ಲ. ಈ ಗುಂಪಿನಲ್ಲಿ ಓದುತ್ತಿರುವ ಬಹುತೇಕರ ಎದೆಯಲ್ಲಿ ಅದು ಈಗಾಗಲೇ ಪೂರ್ತಿಯಾಗಿದೆ.

ಮುದ್ದೆಯ ವಾಕ್ಯ ಮುಗಿಸಿದ ಮನಸ್ಸೇ ಮಾಲೀಕರ ವಾಕ್ಯವನ್ನೂ ಮುಗಿಸಿತು. ಕಿವಿಗೆ ಬೀಳುವ ಮೊದಲೇ ಮಾತನ್ನು ಊಹಿಸುವ ಈ ಅಭ್ಯಾಸದ ಬಗ್ಗೆ ಇವತ್ತು ಸ್ವಲ್ಪ ಯೋಚಿಸೋಣ.

ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. 1980ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬ ಇಬ್ಬರು ಸಂಶೋಧಕರು, ಓದುವವರ ತಲೆಯ ಮೇಲೆ ಮೆದುಳಿನ ವಿದ್ಯುತ್ ಏರಿಳಿತ ಹಿಡಿಯುವ ಬಿಲ್ಲೆಗಳನ್ನಿಟ್ಟು, ವಾಕ್ಯದ ಪದಗಳನ್ನು ಒಂದೊಂದಾಗಿ ತೋರಿಸಿದರು. ಕೊನೆಯ ಪದ ಅರ್ಥಕ್ಕೆ ಹೊಂದದೆ ಬಂದಾಗ, ಅಂದರೆ ನಮ್ಮ ವಾಕ್ಯದಲ್ಲಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ "ಓದಿದ" ಅಂತ ಬಂದ ಹಾಗೆ, ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ, ಅಂದರೆ ಅರ್ಧ ಸೆಕೆಂಡಿಗೂ ಮುಂಚೆ, ಮೆದುಳಿನಲ್ಲಿ ದೊಡ್ಡದೊಂದು ಅಲೆ ಎದ್ದಿತು. ಆ ಅಲೆಗೆ ಎನ್400 ಎಂದು ಹೆಸರಾಯಿತು. ಅದು ಬರೀ ತಪ್ಪಿನ ಗಂಟೆಯಲ್ಲ. ಅರ್ಥವಿರುವ ಪ್ರತಿ ಪದಕ್ಕೂ ಈ ಅಲೆ ಏಳುತ್ತದೆ. ಪದ ಮೊದಲೇ ನಿರೀಕ್ಷಿಸಿದ್ದಾಗಿದ್ದರೆ ಸಣ್ಣದಾಗಿ, ನಿರೀಕ್ಷಿಸದೆ ಬಂದದ್ದಾದರೆ ದೊಡ್ಡದಾಗಿ ಏಳುತ್ತದೆ.

ಮೆದುಳು ಮುಂದಿನ ಪದವನ್ನು ಎಷ್ಟು ನಿಖರವಾಗಿ ಊಹಿಸುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಮುಂದೆ ಬರಲಿರುವ ಪದದ ಶಬ್ದರೂಪವೇ ಮನಸ್ಸಿನಲ್ಲಿ ಮೊದಲೇ ಸಿದ್ಧವಿರುತ್ತದೆ ಎಂದು 2005ರಲ್ಲಿ ಒಂದು ಹೆಸರಾಂತ ಪ್ರಯೋಗ ಹೇಳಿತು. 2018ರಲ್ಲಿ ಒಂಬತ್ತು ಪ್ರಯೋಗಾಲಯಗಳು ಸೇರಿ 334 ಜನರ ಮೇಲೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಭಾಗ ಹಾಗೆ ಸಿಗಲಿಲ್ಲ. ಅರ್ಥದ ಮಟ್ಟದ ನಿರೀಕ್ಷೆ ಮಾತ್ರ ಅಲ್ಲೂ ಗಟ್ಟಿಯಾಗಿ ಕಂಡಿತು. ದೊಡ್ಡವರು ಹೇಳಿದರು ಎಂದು ಬಿಡದೆ ಮತ್ತೆ ಪರೀಕ್ಷಿಸಿದರಲ್ಲ, ಕಾಲಾಮ ಸುತ್ತ ಓದಿದ ನಮಗೆ ಈ ಸ್ವಭಾವ ಇಷ್ಟವಾಗಬೇಕು.

ಈಗ ಧಮ್ಮಕ್ಕೆ ಬರೋಣ. ಐದು ಖಂಧಗಳಲ್ಲಿ ಮೂರನೆಯದು ಸಞ್ಞಾ, ಅಂದರೆ ಗುರುತು ಹಿಡಿಯುವುದು. ಎದುರಿಗೆ ಬಂದದ್ದನ್ನು "ಇದು ಇಂಥದ್ದು" ಎಂದು ಹಳೆಯ ಗುರುತಿನ ಬಲದಿಂದ ಹೇಳುವ ಕೆಲಸ ಅದರದು. ಮಜ್ಝಿಮ ನಿಕಾಯದ ಮಧುಪಿಂಡಿಕ ಸುತ್ತದಲ್ಲಿ ಮಹಾಕಚ್ಚಾನ ಥೇರರು ಇದರ ಓಟವನ್ನು ಬಿಡಿಸಿ ತೋರಿಸುತ್ತಾರೆ. ಕಿವಿ ಇದೆ, ಶಬ್ದ ಇದೆ, ಅವುಗಳಿಂದ ಏಳುವ ಕೇಳುವ ಅರಿವು ಇದೆ, ಮೂರೂ ಸೇರಿದಾಗ ಸ್ಪರ್ಶ. ಸ್ಪರ್ಶದಿಂದ ವೇದನೆ, ವೇದನೆಯಾದದ್ದಕ್ಕೆ ಗುರುತು, ಗುರುತು ಹಿಡಿದದ್ದರ ಬಗ್ಗೆ ಯೋಚನೆ, ಯೋಚನೆಯಿಂದ ಪಪಂಚ. ಪಪಂಚ ಎಂದರೆ ಮನಸ್ಸು ಬಲೆ ಹೆಣೆಯುತ್ತಾ ಹೋಗುವುದು. ಕೊನೆಗೆ ಆ ಬಲೆಯೇ ಹೆಣೆದವನ ಮೇಲೆ ಬೀಳುತ್ತದೆ. ಜಗಳ, ದೊಣ್ಣೆ, ಕತ್ತಿ, ಚಾಡಿ ಎಲ್ಲದರ ಬೇರು ಅಲ್ಲಿದೆ ಎನ್ನುತ್ತದೆ ಆ ಸುತ್ತ. ಒಂದು ಶಬ್ದದಿಂದ ದೊಣ್ಣೆಯವರೆಗೆ ಎಷ್ಟು ಹತ್ತಿರದ ದಾರಿ ನೋಡಿ.

ಕನ್ನಡದವರಾದ ನಾವು ಈ ಊಹೆಯ ಕೆಲಸವನ್ನು ದಿನವೂ ಹೆಚ್ಚಾಗಿಯೇ ಮಾಡುತ್ತೇವೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. "ನಾಳೆ ನಾನು ನಿಮ್ಮ ಮನೆಗೆ ಊಟಕ್ಕೆ ಬರು" ಎನ್ನುವ ತನಕ ಎಲ್ಲ ಒಂದೇ. "ತ್ತೇನೆ" ಎಂದರೆ ಸಂತೋಷ, "ವುದಿಲ್ಲ" ಎಂದರೆ ಬೇರೆ ಕಥೆ. ಹಾಗಾಗಿ ಕನ್ನಡದಲ್ಲಿ ಅರ್ಧ ಕೇಳಿದವರಿಗೆ ಕೆಲವೊಮ್ಮೆ ಪೂರ್ತಿ ಉಲ್ಟಾ ಅರ್ಥವೇ ಸಿಗುತ್ತದೆ. ನಮ್ಮ ಮನೆಗಳ ಅರ್ಧ ಜಗಳ ಇದರಿಂದಲೇ ಅಂತ ನನ್ನ ಅನುಮಾನ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಒಂದು ಅಧ್ಯಯನದ ಪ್ರಕಾರ, ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಂದು ಪದವನ್ನು ಬಾಯಿಗೆ ತರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದಮೇಲೆ ಎದುರಿನವರು ಮುಗಿಸುವ ಮುಂಚೆಯೇ ನಮ್ಮ ಉತ್ತರ ತಯಾರಾಗುತ್ತಿರುತ್ತದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಯೋಗ. 2008ರಲ್ಲಿ ನೆದರ್‌ಲೆಂಡ್ಸ್ ದೇಶದ ಸಂಶೋಧಕರು ಒಂದೇ ವಾಕ್ಯವನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿದರು. ಮಲಗುವ ಮುಂಚೆ ದಿನಾ ಸ್ವಲ್ಪ ವೈನ್ ಕುಡಿಯುತ್ತೇನೆ ಎಂಬ ಮಾತು ದೊಡ್ಡವರ ದನಿಯಲ್ಲಿ ಬಂದರೆ ಅಲೆ ಸಣ್ಣದು, ಪುಟ್ಟ ಮಗುವಿನ ದನಿಯಲ್ಲಿ ಬಂದರೆ ದೊಡ್ಡದು. ಬೆನ್ನ ಮೇಲೆ ದೊಡ್ಡ ಹಚ್ಚೆ ಹಾಕಿಸಿಕೊಂಡಿದ್ದೇನೆ ಎಂಬ ಮಾತು ಸಿರಿವಂತರ ಉಚ್ಚಾರದಲ್ಲಿ ಬಂದಾಗಲೂ ಹಾಗೆಯೇ. ಕೇಳುವ ಮೆದುಳು ಮೊದಲು ಮಾತಿನ ಅರ್ಥ ತಿಳಿದು, ಆಮೇಲೆ ಹೇಳಿದವರು ಯಾರು ಎಂದು ನೋಡುವುದಿಲ್ಲ. ಇಂಥವರು ಇಂಥದ್ದನ್ನು ಹೇಳುತ್ತಾರೆ ಎಂಬ ಲೆಕ್ಕ ಅರ್ಥದ ಜೊತೆಜೊತೆಗೇ, ಅಷ್ಟೇ ಬೇಗ ನಡೆದುಹೋಗುತ್ತದೆ.

ಬಂಧುಗಳೇ, "ಹಾಲು" ಎನ್ನುವ ಬದಲು "ಆಲು" ಎನ್ನುವ ಮಗು ತರಗತಿಯಲ್ಲಿ ಎದ್ದು ನಿಂತಾಗ, ಮುಂದಿನ ವಾಕ್ಯ ಕೇಳುವ ಮುಂಚೆ ಅಲ್ಲಿರುವವರ ಮನಸ್ಸಿನಲ್ಲಿ ಏನೇನು ನಡೆದುಹೋಗುತ್ತದೆ ಎಂಬುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆ ಮಗು ಲೆಕ್ಕಕ್ಕೆ ಸರಿಯುತ್ತರ ಹೇಳಿದರೂ "ಯಾರ ಹತ್ತಿರ ಕೇಳಿಕೊಂಡೆ?" ಎಂಬ ಪ್ರಶ್ನೆ ಬರುತ್ತದೆ. ಪಕ್ಕದ ಬೆಂಚಿನ ಮಗು ಅದೇ ಉತ್ತರ ಹೇಳಿದರೆ "ಗುಡ್" ಎನ್ನುತ್ತಾರೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರುವ ಮಸೂರು ರೈಲ್ವೆ ನಿಲ್ದಾಣದ ಪ್ರಸಂಗವನ್ನು ಈ ಬೆಳಕಿನಲ್ಲಿ ಮತ್ತೆ ಓದಿ. 1901. ಹತ್ತು ವರ್ಷದ ಆಸುಪಾಸಿನ ಹುಡುಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನ ಬಳಿಗೆ ಹೊರಟಿದ್ದಾನೆ. ಒಳ್ಳೆಯ ಅಂಗಿ, ರೇಷ್ಮೆ ಅಂಚಿನ ಪಂಚೆ, ತಲೆಗೆ ಟೋಪಿ, ಹೊಸ ಬೂಟು. ಬರಬೇಕಾದವರು ಕರೆದೊಯ್ಯಲು ಬಂದಿಲ್ಲ. ಸ್ಟೇಷನ್ ಮಾಸ್ತರರು ಬಂದು ಅಕ್ಕರೆಯಿಂದ ವಿಚಾರಿಸುತ್ತಾರೆ, ಏಕೆಂದರೆ ಉಡುಗೆ ನೋಡಿ ಬ್ರಾಹ್ಮಣರ ಮಕ್ಕಳೇ ಇರಬೇಕೆಂದು ಅವರ ಮನಸ್ಸು ವಾಕ್ಯವನ್ನು ಮುಗಿಸಿಬಿಟ್ಟಿತ್ತು. ನೀವು ಯಾರು ಎಂದು ಕೇಳಿದಾಗ ಹುಡುಗ ಹಿಂದೆ ಮುಂದೆ ಯೋಚಿಸದೆ ಮಹಾರರು ಎಂದ. ಆ ಒಂದು ಪದಕ್ಕೆ ಮಾಸ್ತರರ ಮುಖವೇ ಬದಲಾಯಿತು. ಬಂದ ದಾರಿಯಲ್ಲೇ ಕೋಣೆಗೆ ಹೊರಟುಹೋದರು. ಅಲ್ಲಿದ್ದ ಗಾಡಿಗಳಲ್ಲಿ ಒಂದೂ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಹುಡುಗರೇ ಹೊಡೆದುಕೊಂಡು ಹೋಗುವುದು, ಗಾಡಿಯವನು ಪಕ್ಕದಲ್ಲಿ ನಡೆಯುವುದು ಎಂಬ ಒಪ್ಪಂದವಾಯಿತು. ನನಗೆ ಇದರಲ್ಲಿ ಗಾಡಿಯವನಿಗಿಂತ ಆ ಮುಖ ಹೆಚ್ಚು ಕಾಡುತ್ತದೆ. ಎದುರಿಗೆ ನಿಂತ ಮಕ್ಕಳು ಅದೇ ಮಕ್ಕಳು. ಅಂಗಿ ಅದೇ, ಹಸಿವು ಅದೇ. ಮೆದುಳಿನ ಅಲೆಯನ್ನು ಹಿಡಿಯುವ ಯಂತ್ರ ಆಗ ಇರಲಿಲ್ಲ. ಒಬ್ಬ ಹುಡುಗನ ಕಣ್ಣು ಅದನ್ನು ಹಿಡಿದಿಟ್ಟುಕೊಂಡಿತು.

ಈ ಊಹೆಗಳು ಎಲ್ಲಿಂದ ಬರುತ್ತವೆ? ಕೇಳಿ ಕೇಳಿ ಬರುತ್ತವೆ. ಅದನ್ನು ನಾನು ನನ್ನ ತರಗತಿಯಲ್ಲೇ ಕಂಡೆ. ಕನ್ನಡದಲ್ಲಿ ಗೌರವ ಕ್ರಿಯಾಪದದ ತುದಿಯಲ್ಲಿರುತ್ತದೆ ಎಂಬುದು ನಿಮಗೆ ಗೊತ್ತು. ಏಕವಚನ, ಬಹುವಚನ ಎಂದು ವ್ಯಾಕರಣದಲ್ಲಿ ಹೇಳುತ್ತೇವೆ, ಆದರೆ ಊರಿನಲ್ಲಿ ಅದು ವ್ಯಾಕರಣವಲ್ಲ. ನಮ್ಮ ಕೇರಿಯ ಎಪ್ಪತ್ತು ವರ್ಷದ ಅಜ್ಜನನ್ನು ಗೌಡರ ಮನೆಯ ಏಳು ವರ್ಷದ ಹುಡುಗ "ಬಾರೋ, ಹೋಗೋ" ಎಂದು ಕರೆದದ್ದನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ. ಎಂಟನೇ ತರಗತಿಯ ಮಕ್ಕಳಿಗೆ ಒಮ್ಮೆ ಬಿಟ್ಟ ಸ್ಥಳ ತುಂಬಲು ಕೊಟ್ಟೆ. "ಡಾಕ್ಟರ್ ರಾಮಣ್ಣ ನಮ್ಮ ಬೀದಿಗೆ ಬಂ..." "ಪೂಜಾರಿ ಸೀತಪ್ಪ ನಮ್ಮ ಬೀದಿಗೆ ಬಂ..." "ಚರಂಡಿ ತೆಗೆಯುವ ಮುನಿಯಪ್ಪ ನಮ್ಮ ಬೀದಿಗೆ ಬಂ..." ಹೆಸರುಗಳು ಸುಮ್ಮನೆ ಇಟ್ಟವು. ರಾಮಣ್ಣ ಬಂದರು, ಸೀತಪ್ಪ ಬಂದರು, ಮುನಿಯಪ್ಪ ಬಂದ. ಯಾರೂ ಯಾರದನ್ನೂ ನೋಡಿ ಬರೆಯಲಿಲ್ಲ, ಆದರೂ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ. ಅಪ್ಪ ಅದೇ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳೂ "ಬಂದ" ಎಂದೇ ಬರೆದಿದ್ದಳು. ದುಂಡು ಅಕ್ಷರದಲ್ಲಿ, ಒತ್ತಿ ಒತ್ತಿ.

ಯಾರನ್ನೂ ಬೈಯಲಿಲ್ಲ. ಮರುದಿನದಿಂದ ಓದಿಸುವ ವಾಕ್ಯಗಳಲ್ಲೆಲ್ಲ ಚರಂಡಿ ತೆಗೆಯುವವರು, ಚಪ್ಪಲಿ ಹೊಲಿಯುವವರು, ತಮಟೆ ಬಡಿಯುವವರು "ಬಂದರು, ಹೇಳಿದರು, ಕುಳಿತರು" ಎಂದೇ ಬರುವ ಹಾಗೆ ನೋಡಿಕೊಂಡೆ. ಮೊದಲ ದಿನ ತರಗತಿಯಲ್ಲಿ ನಗು. ಆ ನಗು ಏನು ಅಂತ ಈಗ ನಿಮಗೂ ಅರ್ಥವಾಗುತ್ತದೆ, ನಿರೀಕ್ಷಿಸದ ಪದ ಬಂತು, ಅಷ್ಟೇ. ತಿಂಗಳಾಗುವಷ್ಟರಲ್ಲಿ ನಗು ನಿಂತಿತು. ಆಮೇಲೆ ಒಬ್ಬ ಹುಡುಗ ಓದುವಾಗ "ಮುನಿಯಪ್ಪ ಬಂದ" ಎಂದು ತಪ್ಪಾಗಿ ಓದಿದ. ಹಿಂದಿನ ಬೆಂಚಿನಿಂದ ಯಾರೋ "ಬಂದರು ಕಣೋ" ಎಂದರು.

ಇದನ್ನೇ ಸಾವಿರಾರು ಜನರ ಎದುರು, ಪ್ರಾಣ ಪಣಕ್ಕಿಟ್ಟು ಮಾಡಿದ್ದು ಮಹಾಡಿನಲ್ಲಿ. ಅಲ್ಲಿಯ ಭಾಷೆ ಮರಾಠಿ, ಆದರೆ ನಮಗೆ ಅರ್ಥವಾಗಲು ಕನ್ನಡದಲ್ಲೇ ಹೇಳಿ ನೋಡುತ್ತೇನೆ. "ಈ ಕೆರೆಯ ನೀರನ್ನು ನೀವು ಮುಟ್ಟಬ..." ಇಲ್ಲಿ ನಿಲ್ಲಿ. ಮುಂದೆ "ಹುದು" ಬರಬಹುದು, "ಾರದು" ಬರಬಹುದು. ಬ ಎಂಬ ಅಕ್ಷರದ ತನಕ ಎರಡೂ ಒಂದೇ. ತಲೆಮಾರುಗಳಿಂದ ನಮ್ಮ ಕಿವಿಗೆ ಬಿದ್ದದ್ದು ಒಂದೇ ಆದ್ದರಿಂದ ಹೇಳುವವರು ಮುಗಿಸುವ ಮುಂಚೆ ನಮ್ಮ ಕಾಲುಗಳೇ ಹಿಂದೆ ಸರಿಯುತ್ತಿದ್ದವು.

1923ರಲ್ಲಿ ಮುಂಬೈ ಶಾಸನಸಭೆ, ಸರ್ಕಾರಿ ಹಣದಿಂದ ನಡೆಯುವ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಬೋಲೆಯವರ ನಿರ್ಣಯವನ್ನು ಒಪ್ಪಿತು. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತು. ಕಾಗದದಲ್ಲಿ "ಮುಟ್ಟಬಹುದು" ಎಂದು ಪೂರ್ತಿ ವಾಕ್ಯವೇ ಇತ್ತು. ಆದರೂ ಮೂರು ವರ್ಷ ಅಲ್ಲಿ ನಮ್ಮವರು ನೀರು ಮುಟ್ಟಲಾಗಲಿಲ್ಲ. ಕಾಗದ ಏನೇ ಹೇಳಲಿ, ಊರಿನ ಮನಸ್ಸಿನಲ್ಲಿ ಆ ವಾಕ್ಯ "ಬಾರದು" ಎಂದೇ ಮುಗಿಯುತ್ತಿತ್ತು, ಹಾಗೆ ಮುಗಿಸಲು ದೊಣ್ಣೆಯೂ ಸಿದ್ಧವಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮೆರವಣಿಗೆಯ ಮುಂದೆ ನಡೆದು ಕೆರೆಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಹಿಂದೆ ಬಂದವರೂ ಕುಡಿದರು. ಆ ಕೆರೆಯ ನೀರಿಗಾಗಿ ಅಲ್ಲ ನಾವು ಬಂದದ್ದು, ನಾವೂ ಮನುಷ್ಯರು ಎಂದು ಸ್ಥಾಪಿಸಲು ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು ಅದೇ ವರ್ಷ ಮಹಾಡಿನ ಎರಡನೇ ಸಮ್ಮೇಳನದಲ್ಲಿ ಆಡಿದ್ದಾರೆ.

ಮಧುಪಿಂಡಿಕ ಸುತ್ತ ಹೇಳುವ ಪಪಂಚವನ್ನು ಕಣ್ಣಾರೆ ನೋಡಬೇಕಾದರೆ ಮುಂದಿನ ಕೆಲವು ಗಂಟೆಗಳನ್ನು ನೋಡಿ. ಕೆರೆಗೆ ಇಳಿದವರು ಇನ್ನು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಹಾಗೆಂದು ಯಾರೂ ಹೇಳಿರಲಿಲ್ಲ, ಅಂಥ ಯೋಜನೆಯೂ ಇರಲಿಲ್ಲ. ಕಂಡದ್ದು ಕೆರೆ, ಮನಸ್ಸು ಮುಗಿಸಿದ್ದು ಗುಡಿ. ಆ ಮುಗಿಸಿಕೊಂಡ ವಾಕ್ಯಕ್ಕಾಗಿ ದೊಣ್ಣೆ ಹಿಡಿದು ಬಂದು, ಊಟ ಮಾಡುತ್ತಿದ್ದವರನ್ನೂ ಊರಿಗೆ ಮರಳುತ್ತಿದ್ದವರನ್ನೂ ಹೊಡೆದರು. ಆಮೇಲೆ ಕೆರೆಗೆ ಪಂಚಗವ್ಯ ಸುರಿದು "ಶುದ್ಧಿ" ಮಾಡಿದರು. ಪುರಸಭೆ ಆಗಸ್ಟಿನಲ್ಲಿ ತನ್ನ ಠರಾವನ್ನು ವಾಪಸು ಪಡೆಯಿತು. ನ್ಯಾಯಾಲಯದಲ್ಲಿ ಹತ್ತು ವರ್ಷ ಕಾದಾಡಿ, 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟಿನಲ್ಲಿ ನಮ್ಮವರ ಹಕ್ಕು ಉಳಿಯಿತು. ಒಂದು ವಾಕ್ಯದ ಕೊನೆಯ ಎರಡು ಅಕ್ಷರ ಬದಲಾಯಿಸಲು ಹಿಡಿದ ಕಾಲ ಇದು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ, ನಮ್ಮ ಹುಡುಗರು ಕೇಳಿಯೇ ಕೇಳುತ್ತಾರೆ. "ಹಾಗಾದರೆ ಮನೆ ಮಾಲೀಕರ ಮಾತು ಮುಗಿಯುವ ಮುಂಚೆ ನಾವು ಊಹಿಸಿಕೊಳ್ಳುವುದೂ ಭ್ರಮೆಯೇ? ನಾವೂ ಪಪಂಚ ಮಾಡುತ್ತಿದ್ದೇವೆಯೇ?" ಹಾಗೆ ಹೇಳುವುದಕ್ಕೆ ನನ್ನ ಬಾಯಿ ಬರುವುದಿಲ್ಲ. ಹೊಡೆಸಿಕೊಂಡವನ ಊಹೆಯೂ ಹೊಡೆದವನ ಊಹೆಯೂ ಮೆದುಳಿನ ಒಂದೇ ಯಂತ್ರದಿಂದ ಬಂದಿರಬಹುದು. ಆದರೆ ಒಂದು ಗಾಯದಿಂದ ಕಲಿತದ್ದು, ಇನ್ನೊಂದು ಸವಲತ್ತಿನಿಂದ ಕಲಿತದ್ದು. "ನೀವು ಎಲ್ಲದರಲ್ಲೂ ಜಾತಿ ನೋಡುತ್ತೀರಿ" ಎಂದು ಸ್ಟಾಫ್ ರೂಮಿನಲ್ಲಿ ನನಗೂ ಹೇಳಿದವರಿದ್ದಾರೆ. ಮೋಡ ಕಂಡಾಗ ಕೊಡೆ ತೆಗೆಯುವವನಿಗೆ ನಿನ್ನಿಂದಲೇ ಮಳೆ ಎಂದ ಹಾಗೆ ಅದು. ಧಮ್ಮದ ಹೆಸರಿನಲ್ಲಿ ನಮ್ಮವರಿಗೆ ಅಂಥ ಮಾತು ಹೇಳುವವರ ಬಗ್ಗೆಯೂ ಎಚ್ಚರವಿರಲಿ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಮನಸ್ಸನ್ನೇ ಎಲ್ಲದರ ಕೇಂದ್ರದಲ್ಲಿಟ್ಟರು. ಸಮ್ಯಕ್ ವಾಕ್ ಬಗ್ಗೆ ಬರೆಯುವಾಗ, ಅದು ಯಾರ ಭಯಕ್ಕೂ ಯಾರ ಕೃಪೆಗೂ ಆಡುವ ಮಾತಲ್ಲ ಎಂದರು. ನಾನು ಅದರ ಜೊತೆಗೆ ಸಮ್ಯಕ್ ಸ್ಮೃತಿಯನ್ನು ಸೇರಿಸಿ ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ. ಮನಸ್ಸು ಊಹಿಸುವುದನ್ನು ನಿಲ್ಲಿಸಲಾಗದು. ಅರ್ಧ ಸೆಕೆಂಡಿಗೂ ಮುಂಚೆ ಎದ್ದು ಮುಗಿಯುವ ಅಲೆಯನ್ನು ಯಾವ ಧ್ಯಾನಿ ತಾನೇ ಕೈಯಿಂದ ತಡೆಯುತ್ತಾನೆ? ಆದರೆ ಊಹೆ ಎದ್ದ ಮೇಲೆ, ಬಾಯಿ ತೆರೆಯುವ ಮುಂಚೆ, ದೊಣ್ಣೆ ಎತ್ತುವ ಮುಂಚೆ, ಬಾಗಿಲಿನಿಂದ ಹಿಂದೆ ಸರಿಯುವ ಮುಂಚೆ "ಇದು ಕೇಳಿದ್ದೋ, ನಾನು ಮುಗಿಸಿಕೊಂಡದ್ದೋ" ಎಂದು ನೋಡಲು ಒಂದು ಉಸಿರಿನಷ್ಟು ಜಾಗ ಇರುತ್ತದೆ. ಬಾಹಿಯನಿಗೆ ತಥಾಗತರು ಕೊಟ್ಟ ಉಪದೇಶವೂ ಅದೇ ಜಾಗದ ಬಗ್ಗೆ, ಕೇಳಿದ್ದರಲ್ಲಿ ಕೇಳಿದ್ದಷ್ಟೇ ಇರಲಿ ಎಂಬುದು. ಮಾಲೀಕರು ನಾವು ಅಂದುಕೊಂಡದ್ದನ್ನೇ ಕೇಳಿದರೆ, ತಗ್ಗದ ದನಿಯಲ್ಲಿ "ನಾವು ಬೌದ್ಧರು" ಎಂದು ಉತ್ತರಿಸುವುದಕ್ಕೂ ಆ ಒಂದು ಉಸಿರೇ ಬೇಕು.

ಈ ವಾರದ ಅಭ್ಯಾಸ ಹೀಗಿರಲಿ. ಮನೆಯಲ್ಲಿ ಯಾರಾದರೂ ಮಾತಾಡುವಾಗ, ಅದರಲ್ಲೂ ಹೆಂಡತಿ, ಸೊಸೆ, ಮಕ್ಕಳು ಮಾತಾಡುವಾಗ, ಕ್ರಿಯಾಪದ ಬರುವ ತನಕ ಬಾಯಿ ಹಾಕಬೇಡಿ. ಗಂಡಸರಿಗೆ ಇದು ಕಷ್ಟದ ಅಭ್ಯಾಸ, ಗೊತ್ತು. ಎರಡನೆಯದಾಗಿ, ಚಿಕ್ಕಂದಿನಿಂದ ನಿಮ್ಮ ಬಗ್ಗೆ ಬೇರೆಯವರು ಅರ್ಧ ಹೇಳಿ, ಉಳಿದರ್ಧವನ್ನು ನೀವೇ ಮುಗಿಸಿಕೊಳ್ಳುತ್ತಾ ಬಂದ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. "ನಿನ್ನಂಥವನಿಗೆ ಓದು...", "ನಿಮ್ಮ ಹುಡುಗಿ ಅಷ್ಟು ದೂರ...", ಇಂಥದ್ದು. ಭಾನುವಾರ ಬೆಳಗ್ಗೆ ಹತ್ತೂವರೆಗೆ ವಿಹಾರಕ್ಕೆ ಬರುವಾಗ ಆ ಚೀಟಿ ತನ್ನಿ, ಹೆಸರು ಬರೆಯಬೇಕಾಗಿಲ್ಲ. ವಂದನೆ ಮುಗಿದ ಮೇಲೆ ಒಂದೊಂದಾಗಿ ಓದೋಣ, ಮಕ್ಕಳ ಕೈಗೆ ಕೊಟ್ಟು ಕೊನೆಯ ಪದವನ್ನು ಅವರಿಂದ ಬರೆಸೋಣ.

ನಮೋ ಬುದ್ಧಾಯ. ಜೈ ಭೀಮ್.